ಆ ಒಂಬತ್ತು ತಾಸು

...ಬಲಗೈಯ ಹೆಬ್ಬೆರಳೇ ಇರಬೇಕು. ಎಡಗೈ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಎಡಗೈಯಲ್ಲಿ ಅವರು ಭೂಮಿಯನ್ನು ಎದೆಗೆ ಅವುಚಿ ಹಿಡಿದಿರುತ್ತಿದ್ದರು. ಹಾಗಾಗಿ ಆ ಉಗುರು ಬಲಗೈಯದೇ: ದಪ್ಪನೆಯದು, ನಡುವೆ ಸೀಳಿದ್ದು, ಬಾಳೆಯ ಕರೆ ಹತ್ತಿ ಕಪ್ಪಾದದ್ದು. ಒದ್ದೆ ಬಾಳೆನಾರಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಆ ಸೀಳಿಗೆ ಸಿಕ್ಕಿಸಿ, ಸಮುದ್ರದ ಮೇಲೆ ಎಳೆದುಕೊಂಡು ಹೋಗುತ್ತಿದ್ದರು.

ಭೂಮಿ ಎಂದರೆ ಗಾಳಿ ತುಂಬುವ ಪ್ಲಾಸ್ಟಿಕ್ ಚೆಂಡು. ಹಂಪಿಗೆ ಬಂದ ಯಾರೋ ಪ್ರವಾಸಿಗರು ಬಿಟ್ಟುಹೋದದ್ದು ಎಂದು ಒಮ್ಮೆ ಹೇಳಿದ್ದರು, ಹೊಸಪೇಟೆಯ ಆಟಿಕೆ ಅಂಗಡಿಯಲ್ಲಿ ಕೊಂಡದ್ದು ಎಂದು ಇನ್ನೊಮ್ಮೆ. ಆಸ್ಟ್ರೇಲಿಯಾದ ಪಕ್ಕ, ಸಮುದ್ರದ ನಡುವೆ, ಸೈಕಲ್ ಟ್ಯೂಬಿನ ಪಂಕ್ಚರ್ ತೇಪೆ ಇತ್ತು. ಅಳೆಯುವ ಮೊದಲು ಬಾಯಿ ಹಚ್ಚಿ ಊದುತ್ತಿದ್ದರು. ಗಾಳಿ ಇಳಿದರೆ ಭೂಮಿ ಕುಗ್ಗಿ ದಾರಿ ಕಡಿಮೆ ಕಾಣುತ್ತದಲ್ಲ. ನಾರಿನಲ್ಲಿ ನಲವತ್ತು ಗಂಟು. ಭೂಮಿಯ ಸೊಂಟಕ್ಕೆ ಒಂದು ಸುತ್ತು ಸುತ್ತಿ ಹಾಕಿದ ಗಂಟುಗಳು, ಒಂದು ಗಂಟಿಗೆ ಸಾವಿರ ಕಿಲೋಮೀಟರು.

ಊರಿನವರೆಲ್ಲ ಅವರನ್ನು ಟಿಕೆಟ್ ಅಕ್ಕಾರು ಎನ್ನುತ್ತಿದ್ದರು. ಕಡ್ಡಿರಾಂಪುರದ ರಸ್ತೆಯ ಬದಿಗೆ ಅವರ ಅಂಗಡಿ. ಮುಂದೆ ಬಾಳೆಗೊನೆ ತೂಗುಹಾಕಿರುತ್ತಿದ್ದರು, ಒಳಗೆ ಕಂಪ್ಯೂಟರು, ಹಿಂದೆ ಬಾಳೆತೋಟ. ರೈಲು, ಬಸ್ಸು, ವಿಮಾನ ಎಲ್ಲಕ್ಕೂ ಅಲ್ಲೇ ಟಿಕೆಟ್. ಪಕ್ಕದ ಹೋಂಸ್ಟೇಯಲ್ಲಿ ನಾನು ನಾಲ್ಕು ವರ್ಷ ಮ್ಯಾನೇಜರಾಗಿದ್ದೆ. ಮೂರೂವರೆ ಇರಬಹುದು. ಸಂಜೆಯ ಚಹಾ ಅವರ ಅಂಗಡಿಯ ಬೆಂಚಿನ ಮೇಲೆ ಕುಡಿಯುತ್ತಿದ್ದೆ.

ಅವರ ಕಂಪ್ಯೂಟರಿನಲ್ಲಿ ಎಲ್ಲ ಇತ್ತು. ಆದರೂ ಯಾರಾದರೂ ದೂರದ ಊರಿನ ಹೆಸರು ಹೇಳಿದರೆ ಮೊದಲು ಚೆಂಡು ಇಳಿಸುತ್ತಿದ್ದರು. "ಮೊದಲು ಕಣ್ಣೀಲೆ ನೋಡ್ರಿ, ಎಷ್ಟು ದೂರ ಹೊಂಟೀರಿ ಅಂತ" ಎನ್ನುತ್ತಿದ್ದರು. ಆಮೇಲೆ ಚೀಟಿಯ ಮೇಲೆ ಮೂರು ಸಾಲು. ಹಾರೋ ತಾಸು. ಕುಂದ್ರೋ ತಾಸು. ನೆಲದ ತಾಸು. ಹಾರುವುದು ಗೊತ್ತೇ ಇದೆ. ಕುಂದ್ರುವುದು ಎಂದರೆ ವಿಮಾನ ನಿಲ್ದಾಣಗಳಲ್ಲಿ ಕಾಯುವುದು. ನೆಲದ್ದು ಎಂದರೆ ಅಲ್ಲಿಯ ಮನೆಯಿಂದ ನಿಲ್ದಾಣಕ್ಕೆ, ಇಲ್ಲಿಯ ನಿಲ್ದಾಣದಿಂದ ಮನೆಗೆ. ಅವರ ಮಾತೇ ಬರೆಯುತ್ತೇನೆ: "ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ಫೋನ್ ಹೇಳತೈತಿ. ನಾ ಹೊಸ್ತಿಲಿಂದ ಹೊಸ್ತಿಲಿಗೆ ಹೇಳ್ತೀನಿ."

ಅವರೇ ವಿಮಾನ ಹತ್ತಿದ್ದರೋ ಇಲ್ಲವೋ ನನಗೆ ತಿಳಿಯದು. ಹೈದರಾಬಾದಿಗೆ ಒಮ್ಮೆ ಹೋಗಿದ್ದೆ ಎಂದದ್ದು ನೆನಪಿದೆ. "ನನಗ್ಯಾಕ ಬೇಕವ್ವ ಆ ಹಾಳ್ ಎತ್ತರ" ಎಂದದ್ದೂ ನೆನಪಿದೆ.

ಅವರ ಹತ್ತಿರ ಬರುವವರಲ್ಲಿ ಒಂದು ಬಗೆಯವರು ಟಿಕೆಟ್ ಕೊಳ್ಳಲು ಬರುತ್ತಿರಲಿಲ್ಲ, ಕೇಳಲು ಬರುತ್ತಿದ್ದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಜೀವ ಹೋದ ಎರಡು ಮೂರು ತಾಸಿನೊಳಗೆ, ಮೈ ಸೆಟೆಯುವ ಮೊದಲು, ಕಾಲು ಮಡಿಸಿ, ಬೆನ್ನು ಗೋಡೆಗೆ ಆನಿಸಿ, ಬಟ್ಟೆಯಲ್ಲಿ ಕಟ್ಟಿ ಕೂರಿಸಬೇಕು. ಮರುದಿನ ಹೊತ್ತು ಮುಳುಗುವುದರೊಳಗೆ ಕುಣಿಯಲ್ಲಿಯೂ ಹಾಗೆಯೇ ಕೂರಿಸುತ್ತಾರೆ. ಅದಕ್ಕಿಂತ ಹೆಚ್ಚು ಕಾಯುವಂತಿಲ್ಲ. ದೂರದಿಂದ ಬರುವವರಿಗಾಗಿ ಕಾಯಲೇಬೇಕು ಎಂದರೆ ಬಾಡಿಗೆಗೆ ತಂಪು ಪೆಟ್ಟಿಗೆ ಸಿಗುತ್ತದೆ, ಆದರೆ ಅದರಲ್ಲಿ ಮಲಗಿಸಬೇಕು. ಒಮ್ಮೆ ಮಲಗಿಸಿ ಮೈ ಸೆಟೆಯಿತೆಂದರೆ ಮತ್ತೆ ಕೂರಿಸಲಾಗದು. ಆದ್ದರಿಂದ ಮಸ್ಕತ್ತಿನಲ್ಲೋ ಕುವೈತಿನಲ್ಲೋ ಮಗ ಇರುವ ಮನೆಯವರು ಮೊದಲ ಎರಡು ತಾಸಿನಲ್ಲಿ ಒಂದು ಲೆಕ್ಕ ತಿಳಿಯಬೇಕಿತ್ತು. ನಾಳೆ ಹೊತ್ತು ಮುಳುಗುವುದರೊಳಗೆ ಅವನು ಬಂದಾನೋ, ಇಲ್ಲವೋ? ಆ ಲೆಕ್ಕಕ್ಕೆ ಸಂಡೂರು, ಕಂಪ್ಲಿ ಕಡೆಯಿಂದಲೂ ಟಿಕೆಟ್ ಅಕ್ಕಾರಿಗೆ ಫೋನು ಬರುತ್ತಿತ್ತು. ಮಾಡಿಕೊಟ್ಟದ್ದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ಸಲ ಲೆಕ್ಕ ಕೆಟ್ಟಿತು. ವಡ್ಡು ಗ್ರಾಮದ ಒಬ್ಬಾಕೆಯ ಗಂಡ ತೀರಿಕೊಂಡಾಗ, "ಮಗ ನಾಡಿದ್ದು ನಸುಕಿಗೆ ಬಂದೇ ಬರ್ತಾನ, ಪೆಟ್ಟಿಗಿ ತರಸ್ರಿ" ಎಂದು ಅಕ್ಕಾರು ಹೇಳಿದರು. ಮಗನಿದ್ದ ಕಡೆ ಧೂಳಿನ ಬಿರುಗಾಳಿ ಎದ್ದು ವಿಮಾನವೇ ಹೊರಡಲಿಲ್ಲ. ಮಗ ಬಂದಾಗ ಮಣ್ಣಾಗಿ ಒಂದು ದಿನ ಕಳೆದಿತ್ತು. ಒಂದು ವಾರದ ಮೇಲೆ ಆಕೆ ಕಡ್ಡಿರಾಂಪುರಕ್ಕೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂತಳು. ಬೈಯಲಿಲ್ಲ. ಕೊಟ್ಟ ನೀರನ್ನೂ ಕುಡಿಯಲಿಲ್ಲ. ಸಂಜೆಯ ಬಸ್ಸಿಗೆ ಏಳುವಾಗ, "ನಮ್ಮೋರನ್ನ ಮಲಗಿಸಿಬಿಟ್ವಿ ಅಕ್ಕಾರೆ" ಎಂದಳು, ಅಷ್ಟೇ.

"ಬೈದಿದ್ರ ಚಲೋ ಇತ್ತು" ಎಂದು ಅಕ್ಕಾರು ಎಷ್ಟೋ ದಿನ ಅಂದುಕೊಂಡರು. ಆಮೇಲಿನ ಚೀಟಿಗಳಲ್ಲಿ ಅವರು ಎಲ್ಲೋ ಒಂದೆರಡು ತಾಸು ಹೆಚ್ಚಿಗೆ ಸೇರಿಸುತ್ತಿದ್ದಾರೆ ಎಂದು ನನಗೆ ಅನುಮಾನವಿತ್ತು. ಕೇಳಲಿಲ್ಲ.

ಈ ಕಥೆಯನ್ನು ಕಂಪ್ಲಿಯ ನಮ್ಮ ಮನೆಯಲ್ಲಿ ಅವ್ವನಿಗೆ ಹೇಳಿದ್ದೆ. ಅವ್ವ ಶೇಂಗಾ ಸುಲಿಯುತ್ತಿದ್ದಳು. "ನನ್ನ ಮಾತ್ರ ಮಲಗಿಸಬ್ಯಾಡ್ರವ್ವ. ಜೀವ ಇರೋತನ ಕುಂತು ಉಂಡಿಲ್ಲ, ಆವಾಗಾರ ಕುಂದ್ರತೀನಿ" ಎಂದಳು. ಹೀಗೆಯೇ ಅಂದಳೆಂದು ಪ್ರಮಾಣ ಮಾಡಲಾರೆ. ಮಲಗಿಸಬ್ಯಾಡ್ರಿ ಎಂದದ್ದು ಖಂಡಿತ, ಉಳಿದದ್ದನ್ನು ನಾನೇ ಜೋಡಿಸಿರಬಹುದು. ಅದನ್ನು ಟಿಕೆಟ್ ಅಕ್ಕಾರಿಗೆ ಹೇಳಿ ಇಬ್ಬರೂ ನಕ್ಕ ನೆನಪು. ಹೇಳಿದ್ದೆನೇ? ಇದು ಮುಖ್ಯ, ಆದ್ದರಿಂದಲೇ ಇದನ್ನು ನಾನು ನಂಬುವುದಿಲ್ಲ.

ಅಣ್ಣನ ಟಿಕೆಟನ್ನು ಮಾಡಿಕೊಟ್ಟವರೂ ಅವರೇ. ಅಣ್ಣ ಸಂಡೂರಿನ ಗಣಿಗಳಲ್ಲಿ ಅದಿರು ಅಗೆಯುವ ದೊಡ್ಡ ಯಂತ್ರಗಳ ಮೆಕ್ಯಾನಿಕ್ಕಾಗಿದ್ದ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಒಂದು ಗಣಿಯಲ್ಲಿ ಅಂಥವರೇ ಬೇಕಾಗಿದ್ದರು. ಅಕ್ಕಾರು ಚೆಂಡು ಊದಿ, ನಾರು ಎಳೆದರು. ಅರಬ್ಬಿ ಸಮುದ್ರ, ಅರೇಬಿಯಾ, ಇಡೀ ಆಫ್ರಿಕಾದ ಅಗಲ, ಕೊನೆಗೆ ಆಚೆಯ ಕಡಲ ದಂಡೆಯಲ್ಲಿ ಆ ದೇಶದ ರಾಜಧಾನಿ ಕೊನಾಕ್ರಿ. ಹತ್ತು ಗಂಟಿಗೆ ಒಂದು ಕೂದಲೆಳೆ ಕಡಿಮೆ. "ಭೂಮಿಯ ಕಾಲು ಭಾಗ ಹೊಂಟೀಯಪ್ಪ. ನಲವತ್ತರಾಗ ಹತ್ತು" ಎಂದರು. ಅಣ್ಣ ನಕ್ಕು, "ಇನ್ನ ಮುಕ್ಕಾಲು ಉಳದೈತಲ್ರಿ" ಎಂದ. ಅಲ್ಲಿಗೆ ನೇರ ವಿಮಾನ ಇಲ್ಲ, ನಡುವೆ ಒಂದು ಕಡೆ ಇಳಿದು ಹತ್ತಬೇಕು, ಗಣಿ ಕೊನಾಕ್ರಿಯಿಂದ ಒಂಬತ್ತು ತಾಸಿನ ಕೆಟ್ಟ ರಸ್ತೆ ಎಂಬುದೆಲ್ಲ ಅವತ್ತೇ ಗೊತ್ತಾಯಿತು.

ಅದಾಗಿ ಮೂರನೆಯ ವರ್ಷ ಅವ್ವ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ತೀರಿಕೊಂಡಳು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಕಾಗದಪತ್ರ ಮುಗಿಸಿ ಆಂಬುಲೆನ್ಸ್ ಕಂಪ್ಲಿಗೆ ಹೊರಟಾಗ ಒಂಬತ್ತೂವರೆ ಆಗಿತ್ತು. ಮುಂದಿನ ಸೀಟಿನಲ್ಲಿ ಮಾವ, ಅವ್ವನ ತಮ್ಮ. ಹಿಂದೆ ಅವ್ವ ಮತ್ತು ನಾನು. ಮಾವ ಮೂವತ್ತು ವರ್ಷ ಸಂಡೂರಿನ ಕಡೆ ಲಾರಿ ತೂಗುವ ವೇಬ್ರಿಜ್ಜಿನಲ್ಲಿದ್ದವರು, ಪರದೆಯ ಮೇಲೆ ಬಂದ ಅಂಕಿಯನ್ನು ಎಂದೂ ಅನುಮಾನಿಸಿದವರಲ್ಲ.

ಅವರು ಮೊಬೈಲಿನಲ್ಲಿ ನೋಡಿ ತಿರುಗಿದರು. "ಕೊನಾಕ್ರಿಯಿಂದ ಬೆಂಗಳೂರು. ಒಂಬತ್ತು ಸಾವಿರದ ಒಂಬೈನೂರು ಕಿಲೋಮೀಟರ್. ಹನ್ನೆರಡು ತಾಸು ಇಪ್ಪತ್ತು ನಿಮಿಷ. ಕ್ಲಿಯರ್ ಆಗಿ ಬರದಾರ ನೋಡು. ರಾತ್ರಿ ಬೆಂಗಳೂರಾಗಿರ್ತಾನ, ನಸುಕಿಗೆ ಮನಿಗೆ."

"ಮಾವ, ಅದು ನೇರ ಹಾರಿದ್ರ. ಅಂಥ ವಿಮಾನನ ಇಲ್ಲ."

"ಇಲ್ದಿದ್ರ ಟೈಮ್ ಹೆಂಗ ಬರೀತಾರ?"

ನಾನು ಡ್ರೈವರನಿಗೆ ಕಡ್ಡಿರಾಂಪುರದ ಮೇಲೆ ಹೋಗಲು ಹೇಳಿದೆ. ಮಾವ, "ಹೆಣ ಇಟ್ಕೊಂಡು ಸುತ್ತಾಡಸ್ತೀಯೇನು?" ಎಂದು ರೇಗಿದರು. ಡ್ರೈವರ್ ನಮ್ಮಿಬ್ಬರ ಮುಖ ನೋಡಿ, "ಐದು ನಿಮಿಷರೀ, ಅದಕ್ಕಿಂತ ಜಾಸ್ತಿ ನಿಲ್ಲಂಗಿಲ್ಲ" ಎಂದು ತಿರುಗಿಸಿದ.

ಅಂಗಡಿಯ ಮುಂದೆ ಆಂಬುಲೆನ್ಸ್ ನಿಂತಾಗ ಹತ್ತು ಗಂಟೆ. ಇದನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಚೀಟಿಯ ತಲೆಯ ಮೇಲೆ ಅಕ್ಕಾರು ಹತ್ತು ಎಂದು ಬರೆದಿದ್ದಾರೆ. ಎಂಜಿನ್ ಆರಿಸಿರಲಿಲ್ಲ. ಅವ್ವ ಹೋಗಿ ಎರಡು ತಾಸಾಗಿತ್ತು, ಕಂಪ್ಲಿಗೆ ಇನ್ನೂ ಮುಕ್ಕಾಲು ತಾಸು. ಮನೆಯಲ್ಲಿ ಗೋಡೆಯ ಬದಿಗೆ ಜಾಗ ಮಾಡಿ ಕಾಯುತ್ತಿದ್ದ, ಕ್ರಿಯೆ ಮಾಡಿಸುವ ಅಯ್ಯನವರು ಆಗಲೇ ಎರಡು ಸಲ ಫೋನು ಮಾಡಿ, ಕೂರಿಸುವುದೋ ಪೆಟ್ಟಿಗೆ ತರಿಸುವುದೋ ಎಂದು ಕೇಳಿದ್ದರು. ನಾನು ಅವ್ವನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡೇ ಬಂದಿದ್ದೆ, ಬಿಗಿಯುತ್ತಿದೆಯೇ ಎಂದು.

ಅಕ್ಕಾರು ಏನೂ ಕೇಳದೆ ಆಂಬುಲೆನ್ಸಿನ ಹಿಂದೆ ಬಂದು, ಅವ್ವನ ಪಾದ ಮುಟ್ಟಿ, ನನ್ನ ಕಡೆ ನೋಡಿದರು. "ಅಣ್ಣಗ ಫೋನ್ ಹಚ್ಚು."

ಹಚ್ಚಿಕೊಟ್ಟೆ. ಅವರು ಸ್ಪೀಕರ್ ಆಫ್ ಮಾಡಿ, ಫೋನನ್ನು ಕಿವಿಗಿಟ್ಟುಕೊಂಡು ಅಂಗಡಿಯ ಹಿಂದೆ, ಬಾಳೆತೋಟದ ಅಂಚಿಗೆ ಹೋದರು. ನನಗೆ ಕಂಡದ್ದು ಅವರ ಬೆನ್ನು, ಮತ್ತೆ ಒಂದು ಒಣಗಿದ ಬಾಳೆಲೆಯನ್ನು ಕಿತ್ತು ಚೂರು ಮಾಡುತ್ತಿದ್ದ ಕೈ. ನಾಲ್ಕು ನಿಮಿಷ ಮಾತಾಡಿದರು. ಫೋನಿನಲ್ಲಿ ಹಾಗೆ ದಾಖಲಾಗಿತ್ತು. ಆ ಫೋನು ಈಗ ಇಲ್ಲ.

ಬಂದವರೇ ಚೀಟಿ ಎಳೆದುಕೊಂಡು ಬರೆದರು. ಚೆಂಡು ಇಳಿಸಲಿಲ್ಲ. "ಹಾರೋ ತಾಸು ಹದಿನೈದು. ಕುಂದ್ರೋ ತಾಸು ಎಂಟು. ನೆಲದ್ದು, ಗಣಿಯಿಂದ ಕೊನಾಕ್ರಿಗೆ ಒಂಬತ್ತು, ಬೆಂಗಳೂರಿಂದ ಕಂಪ್ಲಿಗೆ ಏಳು. ಮೂವತ್ತೊಂಬತ್ತು ತಾಸು. ಈಗ ಹತ್ತು. ನಾಳೆ ರಾತ್ರಿ ಒಂದಕ್ಕ ಮನಿ ಮುಟ್ಟತಾನ, ಎಲ್ಲಾ ಸರಿ ಇದ್ರ."

"ನಾಳೆ ಹೊತ್ತು ಮುಣುಗೋದ್ರಾಗ?" ಎಂದೆ.

"ಬರಂಗಿಲ್ಲ."

ಮಾವ ಮೊಬೈಲನ್ನು ಅವರ ಮುಖಕ್ಕೆ ಹಿಡಿದರು. "ಇಲ್ಲೇ ಹನ್ನೆರಡು ತಾಸು ಅಂತೈತಿ. ನೀವು ಮೂವತ್ತೊಂಬತ್ತು ಅಂತೀರಿ. ಯಾವ ಲೆಕ್ಕಾರೀ ಇದು?"

"ಅಣ್ಣಾರೆ, ಅದು ಹಕ್ಕಿ ಲೆಕ್ಕ. ಅಂವ ಹಕ್ಕಿ ಅಲ್ಲಲ್ರಿ."

"ತೋರಣಗಲ್ಲಿಗೆ ಸಣ್ಣ ವಿಮಾನ ಬರತೈತಲ್ಲ? ಅಲ್ಲಿಗೇ ಇಳದ್ರ?"

"ಆ ಟೈಮಿಗೆ ಇದು ಹೊಂದಂಗಿಲ್ಲ."

"ಹಂಗಾದ್ರ ಪೆಟ್ಟಿಗಿ ತರಸೋಣ. ನಾಡಿದ್ದು ಮುಂಜಾನಿ ಮಾಡಿದ್ರಾತು. ಹೆತ್ತ ಮಗ, ಒಂದು ಹಿಡಿ ಮಣ್ಣು ಹಾಕೋದು ಬ್ಯಾಡೇನು?"

ಅಕ್ಕಾರು ಮಾವನ ಕಡೆ ನೋಡಲಿಲ್ಲ. ನನ್ನ ಕಡೆಯೂ ಅಲ್ಲ. ಆಂಬುಲೆನ್ಸಿನ ತೆರೆದ ಬಾಗಿಲಿನ ಕಡೆ ನೋಡುತ್ತ ಹೇಳಿದರು: "ಕುಂದ್ರಸ್ರಿ. ಅಂವ ಬರಂಗಿಲ್ಲ. ಅವನ ಸಲುವಾಗಿ ಆಕಿನ್ನ ಮಲಗಿಸಬ್ಯಾಡ್ರಿ."

"ಮಗನ್ನ ಬ್ಯಾಡ ಅನ್ನಾಕ ನೀ ಯಾರವ್ವ? ಟಿಕೆಟ್ ಮಾರಾಕಿ ಟಿಕೆಟ್ ಮಾರು" ಎಂದರು ಮಾವ. ಅಕ್ಕಾರು ಚೀಟಿ ಹರಿದು ನನ್ನ ಕೈಗೆ ಕೊಟ್ಟರು. "ಯಾರಾರ ಕೇಳಿದ್ರ ನಾ ಹೇಳ್ದೆ ಅನ್ನವ್ವ. ನನ್ನ ಹೆಸರು ಹೇಳು." ಡ್ರೈವರ್ ಹಾರ್ನ್ ಒತ್ತಿದ. ಕಾರಿನಲ್ಲಿ ಬಂದ ಪ್ರವಾಸಿಗರಿಬ್ಬರು ನಮ್ಮನ್ನು ನೋಡುತ್ತ ಬಾಳೆಹಣ್ಣಿಗೆ ಕೈಹಾಕಿ ನಿಂತಿದ್ದರು. ಈ ಪ್ರವಾಸಿಗರನ್ನು ನಾನು ಬೇರೆ ಯಾವುದೋ ದಿನದಿಂದ ತಂದು ಇಲ್ಲಿ ನಿಲ್ಲಿಸಿರಲೂಬಹುದು.

ಅಯ್ಯನವರಿಗೆ ಫೋನು ಮಾಡಿ ಕೂರಿಸುವುದೆಂದು ಹೇಳಿದವಳು ನಾನು.

ಕಂಪ್ಲಿಯಲ್ಲಿ ಅವ್ವನನ್ನು ಇಳಿಸಿದಾಗ ಬಲಗಾಲು ಸುಲಭಕ್ಕೆ ಮಡಿಯಲಿಲ್ಲ. ಅಯ್ಯನವರು ಬಿಸಿನೀರಿನ ಬಟ್ಟೆ ಇಟ್ಟು, ಮಗುವಿನ ಕಾಲು ನೀವಿದಂತೆ ನೀವಿ ನೀವಿ ಮಡಿಸಿದರು. ಇನ್ನರ್ಧ ತಾಸು ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರು. ವಿಭೂತಿ ಹಚ್ಚಿ, ಹಸಿರು ಸೀರೆ ಉಡಿಸಿ, ಗೋಡೆಗೆ ಆನಿಸಿದ ಮೇಲೆ ಅವ್ವ ಯಾರದೋ ದೂರು ಕೇಳಿಸಿಕೊಳ್ಳುತ್ತಿರುವ ಹಾಗೆ ಕೂತಿದ್ದಳು. ಅವಳು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಮೊದಲು ನೋಡಿರಲಿಲ್ಲ. ಮಾವನೇ ಎದುರಿಗೆ ಕುಸಿದು, "ಅಕ್ಕಾ, ರಾಣಿಯಂಗ ಕುಂತೀಯಲ್ಲೇ" ಎಂದು ಅತ್ತರು.

ಮರುದಿನ ಸಂಜೆ ಮಣ್ಣಾಯಿತು. ಅಣ್ಣ ಹೊರಡಲೇ ಇಲ್ಲ. ಮುಟ್ಟುವುದಿಲ್ಲ ಎಂದ ಮೇಲೆ ಹೊರಟು ಏನು ಮಾಡಲಿ ಎಂದ. ವಿಡಿಯೋ ಕರೆಯಲ್ಲಿ ನೋಡಿದ. ಚಿತ್ರ ನಿಂತು ನಿಂತು ಬರುತ್ತಿತ್ತು. ಅವನ ಹಿಂದೆ ಒಂದು ಕಿಟಕಿ, ಕಿಟಕಿಯಾಚೆ ನೀಲಿ. ಬೈಕುಗಳ ಹಾರ್ನು ಕೇಳುತ್ತಿತ್ತು. ಗಣಿಯ ಹತ್ತಿರ ಬೈಕುಗಳ ಹಾರ್ನು ಇರುತ್ತದೆಯೇ? ಆ ನೀಲಿ ಆಕಾಶವೋ ಸಮುದ್ರವೋ? ಅವತ್ತು ನನಗೆ ಈ ಪ್ರಶ್ನೆ ಇರಲಿಲ್ಲ. ಈಗ ಪ್ರಶ್ನೆ ಬಂದ ಮೇಲೆ ಹಾರ್ನು ಜೋರಾಗಿದೆ, ನೀಲಿ ಗಾಢವಾಗಿದೆ.

ಕಂಪ್ಲಿಯಲ್ಲಿ ಮಾತು ಹಬ್ಬಿತು. ಮಗ ಬರಲು ತಯಾರಿದ್ದ, ಟಿಕೆಟಿನಾಕಿ ಬ್ಯಾಡ ಅಂದಳಂತೆ. ಮಗನನ್ನು ಯಾರೂ ಏನೂ ಅನ್ನಲಿಲ್ಲ. ಮಾವ ಪ್ರತಿ ಮದುವೆಯಲ್ಲೂ ಆ ಹನ್ನೆರಡು ತಾಸು ಇಪ್ಪತ್ತು ನಿಮಿಷದ ಕಥೆ ಹೇಳಿದರು. ಕಂಪ್ಲಿಯಿಂದ ಅಕ್ಕಾರಿಗೆ ಫೋನು ಬರುವುದು ನಿಂತಿತು. ಒಮ್ಮೆ ನಾನು ತಡೆಯಲಾರದೆ, "ಅಕ್ಕಾರೆ, ಮಂದಿ ಏನೇನೋ ಅಂತಾರ" ಎಂದೆ. ಅವರು ನಾರು ನೀರಲ್ಲಿ ಅದ್ದುತ್ತಿದ್ದರು. "ನನ್ನ ಅಂದ್ರಂದ್ರ ಅನ್ಲಿ ಬಿಡು. ಬ್ಯಾರೇಯವ್ರನ್ನ ಅನ್ನಲಿಲ್ಲಲ್ಲ" ಎಂದರು. ಬೇರೆಯವರು ಎಂದರೆ ಅವ್ವನನ್ನು ಕೂರಿಸಿದ ನಾನು ಎಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ಅಣ್ಣ ರಜೆಗೆ ಬಂದ. ಅಷ್ಟರಲ್ಲಿ ನಾನು ಕೆಲಸ ಬದಲಿಸಿ ಹೊಸಪೇಟೆಯಲ್ಲಿದ್ದೆ. ಊಟಕ್ಕೆ ಕೂತಾಗ ಅಲ್ಲಿಯ ಕಥೆಗಳನ್ನು ಹೇಳುತ್ತಿದ್ದ. ಬಂದರಿನಲ್ಲಿ ಯಂತ್ರದ ಬಿಡಿಭಾಗ ಬಿಡಿಸಿಕೊಳ್ಳಲು ವಾರಗಟ್ಟಲೆ ಕಾಯಬೇಕಂತೆ. "ಅವ್ವ ಹೋದಾಗನೂ ಅದಕ್ಕ ಕೊನಾಕ್ರಿಯೊಳಗ ಕುಂತಿದ್ದೆ ನೋಡು" ಎಂದ.

ನನ್ನ ಕೈಯಲ್ಲಿ ಸೌಟು ಇತ್ತು. "ಗಣಿಯಾಗಿದ್ದಿಲ್ಲೇನು ನೀನು?"

ಅವನು ರೊಟ್ಟಿ ಮುರಿದ. "ಗಣಿಯಾಗ... ಇದ್ನೇನೋ. ಅದರ ಮುಂದಿನ ವಾರ ಇರಬೇಕು ಅದು."

"ಟಿಕೆಟ್ ಅಕ್ಕಾರು ಅವತ್ತು ಫೋನಿನಾಗ ಏನ್ ಕೇಳಿದ್ರು?"

"ಎಲ್ಲಿದ್ದಿ ಅಂತ ಕೇಳಿದ್ರು."

"ನೀ ಏನಂದಿ?"

"ನೆನಪಿಲ್ಲ ಬಿಡಬೇ. ಪಲ್ಯ ಹಾಕು."

ಅವನು ಹೋದ ಮೇಲೆ ಚೀಟಿ ಹುಡುಕಿದೆ. ಮೂವತ್ತೊಂಬತ್ತರಲ್ಲಿ ಗಣಿಯ ರಸ್ತೆಯ ಒಂಬತ್ತು ಕಳೆದೆ. ಮೂವತ್ತು. ಬೆಳಿಗ್ಗೆ ಹತ್ತರಿಂದ ಮೂವತ್ತು ತಾಸು ಎಂದರೆ ಮರುದಿನ ಮಧ್ಯಾಹ್ನ ನಾಲ್ಕು. ಹೊತ್ತು ಮುಳುಗುವುದಕ್ಕೆ ಇನ್ನೂ ಎರಡು ತಾಸಿಗಿಂತ ಹೆಚ್ಚು. ಅವ್ವನನ್ನು ಕೂರಿಸಿಯೂ, ಅವಳ ಎದುರಿಗೆ ಅಣ್ಣ ಬಂದು ನಿಲ್ಲಬಹುದಿತ್ತು.

ಹಾಗಾದರೆ ಅವನು ಗಣಿಯಲ್ಲಿದ್ದೇನೆ ಎಂದು ಅವರಿಗೆ ಸುಳ್ಳು ಹೇಳಿದನೇ? ರಜೆಯೋ, ಪಾಸ್‌ಪೋರ್ಟೋ, ಅಥವಾ ಅವ್ವನ ಮುಖ ನೋಡುವ ಧೈರ್ಯವೋ, ಯಾವುದೋ ಒಂದು ಇಲ್ಲದೆ? ಇಲ್ಲವೇ ನಿಜ ಹೇಳಿ, ಬರಲಾರೆ, ತನ್ನ ಮೇಲೆ ಮಾತು ಬರದ ಹಾಗೆ ಮಾಡಿರಿ ಎಂದು ಕೇಳಿಕೊಂಡನೇ? ಅಥವಾ ಅವನು ಬರುತ್ತೇನೆ ಎಂದಿದ್ದಾಗ ವಡ್ಡುವಿನ ಆ ಹೆಂಗಸು ಅಕ್ಕಾರ ನೆನಪಿಗೆ ಬಂದು, ನಾಲ್ಕು ಗಂಟೆಯ ಆಸೆ ತೋರಿಸಿದರೆ ಮಾವ ಎಲ್ಲಿ ಪೆಟ್ಟಿಗೆ ತರಿಸಿಬಿಡುತ್ತಾರೋ ಎಂದು, ಅವರೇ ಒಂಬತ್ತು ತಾಸು ಕೂಡಿಸಿದರೇ? ಒಂದೆರಡು ತಾಸು ಕೂಡಿಸುತ್ತಿದ್ದವರು ಒಂಬತ್ತನ್ನು ಕೂಡಿಸಿಯಾರೇ? ಅಥವಾ ಎಲ್ಲ ಸರಿಯಿದ್ದು, ಈಗ ಅಣ್ಣನ ನೆನಪೇ ಒಂದು ವಾರ ಜಾರಿದೆಯೇ? ಕೊನೆಯದನ್ನು ನಂಬಲು ನನಗೆ ಇಷ್ಟ. ಅದಕ್ಕೇ ಅದನ್ನು ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ.

ಕೇಳಿಬಿಡೋಣ ಎಂದು ಒಂದು ಭಾನುವಾರ ಕಡ್ಡಿರಾಂಪುರಕ್ಕೆ ಹೋದೆ. ಚೀಟಿ ಪರ್ಸಿನಲ್ಲಿತ್ತು. ಅಕ್ಕಾರು ಸೊರಗಿದ್ದರು. ಚೆಂಡು ಊದಲು ಉಸಿರು ಸಾಲದೆ ಸೈಕಲ್ ಪಂಪು ತಂದಿಟ್ಟುಕೊಂಡಿದ್ದರು. ಯಾರೋ ಗಂಡ ಹೆಂಡತಿಗೆ ನಾರು ಎಳೆದು ತೋರಿಸುತ್ತಿದ್ದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಏನವ್ವ, ಏನೋ ಕೇಳಾಕ ಬಂದಂಗ ಐತಿ?" ಎಂದರು.

"ಏನಿಲ್ರಿ. ಸುಮ್ನ ಬಂದೆ."

"ಸುಮ್ನ ಬಂದಾಕಿ ಪರ್ಸ್ ಯಾಕ ಹಂಗ ಹಿಡಕೊಂಡೀದಿ?" ಎಂದು ನಕ್ಕರು. ನಾನೂ ನಕ್ಕೆ. ಚಹಾ ಬಂತು. ಅವರು ಕೇಳು ಎನ್ನುತ್ತಿದ್ದರೋ, ಕೇಳಬೇಡ ಎನ್ನುತ್ತಿದ್ದರೋ. ಆ ನಗುವನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ, ಈಗ ಅದು ಸವೆದು ಯಾರ ನಗುವಾದರೂ ಆಗಬಹುದು.

ಮುಂದಿನ ಚಳಿಗಾಲದಲ್ಲಿ ಅಕ್ಕಾರು ಹೋದರು. ಬೆಳಿಗ್ಗೆಯೇ ಮೊಬೈಲಿಗೆ ಸಂದೇಶ ಬಂದಿತ್ತು, ಕೆಲಸದ ಗಡಿಬಿಡಿಯಲ್ಲಿ ನೋಡಿದ್ದು ಮಧ್ಯಾಹ್ನದ ಮೇಲೆ. ಹೊಸಪೇಟೆಯಿಂದ ಕಡ್ಡಿರಾಂಪುರಕ್ಕೆ ಆಟೋದಲ್ಲಿ ಅರ್ಧ ತಾಸೂ ಬೇಡ. ಅವರಲ್ಲಿ ಸುಡುವುದು ರೂಢಿ; ನಾನು ಇಳಿಯುವಷ್ಟರಲ್ಲಿ ಅವರ ಮನೆಯವರು ಹೊಳೆಯ ದಂಡೆಯಲ್ಲಿ ಬೆಂಕಿ ಕೊಟ್ಟು ಬಂದು ಕೈಕಾಲು ತೊಳೆಯುತ್ತಿದ್ದರು. ಅಂಗಡಿಯ ಮೊಳೆಗೆ ಚೆಂಡು ತೂಗುತ್ತಿತ್ತು, ಗಾಳಿ ಇಳಿದು ಮಡಚಿಕೊಂಡಿತ್ತು.

ಅಣ್ಣ ಈಗಲೂ ಗಿನಿಯಲ್ಲಿದ್ದಾನೆ. ವಾರಕ್ಕೊಮ್ಮೆ ಮಾತಾಡುತ್ತೇವೆ, ಮಳೆ, ಬೆಲೆ, ಮಾವನ ಸಕ್ಕರೆ ಕಾಯಿಲೆ. ಅವ್ವ ಗೋಡೆಗೆ ಆನಿಸಿ ಕೂತ ಫೋಟೋ ಅವನ ಹತ್ತಿರವೂ ಇದೆ, ನನ್ನ ಹತ್ತಿರವೂ ಇದೆ. ಅವ್ವ ಹಾಗೆ ಕೂತದ್ದು ಟಿಕೆಟ್ ಅಕ್ಕಾರು ಕೊಟ್ಟದ್ದು, ಅಷ್ಟು ಮಾತ್ರ ನಾನು ಅನುಮಾನಿಸುವುದಿಲ್ಲ. ಚೀಟಿಯೂ ಇದೆ. ಒಂಬತ್ತು ಎಂಬ ಅಂಕಿ ಅವರ ಕೈಬರಹದಲ್ಲೇ ಇದೆ, ತಿದ್ದಿಲ್ಲ, ಗೀಚಿಲ್ಲ. ಆ ಒಂಬತ್ತು ಯಾರದು ಎಂದು ನನಗೆ ಗೊತ್ತಿಲ್ಲ.